ಮಾಸ್ಟರ್ ಹೊಟ್ಟೆಯ ಕೊಬ್ಬು

ಜಗಳ ಶುರುವಾದದ್ದು ಎರಡು ಎಡತೋಳುಗಳಿಂದ. ವಕೀಲರ ಕರಿಕೋಟಿಗೆ ತೋಳು ಜೋಡಿಸಲು ಕೂತ ಹೆಂಡತಿ, ಎಡದ್ದನ್ನು ಹೊಲಿದು ಮುಗಿಸಿ ಇನ್ನೊಂದನ್ನು ಎತ್ತಿಕೊಂಡು ನೋಡುತ್ತಾಳೆ, ಅದೂ ಎಡಗೈಯದೇ. ಬಟ್ಟೆಯನ್ನು ಮುಖಕ್ಕೆ ಮುಖ ಕೊಟ್ಟು ಮಡಿಸಿ ಕತ್ತರಿಸಿದರೆ ಒಂದು ಎಡ, ಒಂದು ಬಲ ಬರುತ್ತದೆ. ಸುಮ್ಮನೆ ಒಂದರ ಮೇಲೊಂದು ಹಾಸಿ ಕತ್ತರಿಸಿದರೆ ಎರಡೂ ಒಂದೇ ಕೈಯವು. ಹೊಲಿಗೆ ಕಲಿಯಲು ಬಂದು ಒಂದು ವಾರ ಆಗದವರು ಮಾಡುವ ತಪ್ಪು ಅದು. ಇಲ್ಲಿ ಮಾಡಿದವರು ಅವಳ ಗಂಡ. ಆ ಬೀದಿಗೆಲ್ಲ ಅವರು 'ಮಾಸ್ಟರ್' ಎಂದೇ ಗೊತ್ತು. ಅವರ ಕತ್ತರಿಗೆ ಎರಡನೇ ಮಾತಿಲ್ಲ ಎಂದು ಬೀದಿಯೂ ಹೇಳುತ್ತಿತ್ತು, ಬೀದಿಗಿಂತ ಹೆಚ್ಚು ಸಲ ಅವರೇ ಹೇಳುತ್ತಿದ್ದರು.

"ಬಟ್ಟೆ ಹಾಸಿಟ್ಟಿದ್ದು ನೀನು. ನೀನೇ ಮಡಿಸಿರಲಿಲ್ಲ" ಅಂದರು ಮಾಸ್ಟರ್.

ಅವರ ಕತ್ತರಿಸುವ ಮೇಜನ್ನು ಒರೆಸುವುದಕ್ಕೂ ಅವಳಿಗೆ ಅಪ್ಪಣೆ ಇರಲಿಲ್ಲ, ಇನ್ನು ಬಟ್ಟೆ ಹಾಸುವ ಮಾತೆಲ್ಲಿ ಬಂತು? ಮದುವೆಯಾದಂದಿನಿಂದ ಅವಳದ್ದು ಹೊಲಿಗೆ, ಕಾಜಾ, ಗುಂಡಿ, ಇಸ್ತ್ರಿ. ಕತ್ತರಿ ಅವರದ್ದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡಿದ್ದೇವೆ. ಮಾಸ್ಟರ್ ಆ ಮೊಲಕ್ಕೆ ಮೂರು ಕಾಲಿನ ಪ್ಯಾಂಟನ್ನೂ ಕತ್ತರಿಸಿಡುವಂಥವರು. ಅವಳಿಗೆ ತಡೆಯಲಾಗಲಿಲ್ಲ.

"ತಪ್ಪಾಯ್ತು ಅಂದ್ರೆ ಬಾಯಿಂದ ಮುತ್ತು ಉದುರಿಹೋಗತ್ತಾ? ಹೊಟ್ಟೆ ತುಂಬ ಬರೀ ಕೊಬ್ಬು ನಿಮಗೆ! ಯಾರಾದ್ರೂ ಡಾಕ್ಟ್ರು ಕುಯ್ದೇ ತೆಗೀಬೇಕು ಅದನ್ನ!"

ಮಾಸ್ಟರ್ ಕತ್ತರಿಯನ್ನು ಮೇಜಿನ ಮೇಲಿಟ್ಟರು. ಬಾಯಿ ಮುಚ್ಚಿದರು. ಹಾಗೆ ಮುಚ್ಚಿದ್ದು ಅವಳ ಮುಂದೆ ಹತ್ತೊಂಬತ್ತು ದಿನ ತೆರೆಯಲಿಲ್ಲ. ಅವಳೂ ಸುಮ್ಮನಾದಳು, ನ್ಯಾಯ ತನ್ನ ಕಡೆ ಇರುವಾಗ ಮೊದಲು ಮಾತಾಡಿಸಲು ಅವಳಿಗೇನು ತಲೆ ಕೆಟ್ಟಿದೆಯೇ?

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಕಟ್ಟಿದವರು ದರ್ಜಿಗಳ ಮನೆ ನೋಡಿರಲಿಲ್ಲ. ಇವರು ಹತ್ತೊಂಬತ್ತು ದಿನ ಉಂಡರು, ಹತ್ತೊಂಬತ್ತು ದಿನ ಮಲಗಿದರು, ತುಟಿ ಪಿಟಕ್ಕೆನ್ನಲಿಲ್ಲ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಕೆಲಸ ನಿಲ್ಲುವಂತಿರಲಿಲ್ಲ. ಅಳತೆ ಬರೆದ ಚೀಟಿಯನ್ನು ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ ಅವಳ ಕಡೆ ತಳ್ಳುವುದು ಮಾಸ್ಟರ್ ಪದ್ಧತಿ. ಸಂಸಾರವೂ ಅದೇ ಚೀಟಿಯ ಮೇಲೆ ನಡೆಯತೊಡಗಿತು. 'ಎದೆ 38, ತೋಳು 23, ಉಪ್ಪು ಜಾಸ್ತಿ ಆಗಿತ್ತು' ಎಂದು ಅವರ ಚೀಟಿ. 'ಗುಂಡಿ ಆರು ಸಾಕು, ಸೋಪು ಮುಗಿದಿದೆ' ಎಂದು ಅವಳ ಚೀಟಿ. ಒಂದು ದಿನ 'ನಿಮ್ಮ ಒಳಚಡ್ಡಿ ಒಣಗಿದೆ, ಒಳಗೆ ತಂದುಕೊಳ್ಳಿ' ಅನ್ನುವ ಚೀಟಿ ವಕೀಲರ ಪ್ಯಾಂಟಿನ ಜೊತೆಗೇ ಹೋಗಿಬಿಟ್ಟಿತು. ವಕೀಲರು ಸಂಭಾವಿತರು. ಚೀಟಿಯನ್ನು ಮಡಿಸಿ ವಾಪಸು ತಂದುಕೊಟ್ಟು, "ಇದು ನನಗಲ್ಲ ಅನ್ಕೋತೀನಿ" ಅಂದರು.

ಮಾತು ಬಿಟ್ಟ ಮನೆಯಲ್ಲಿ ಕಣ್ಣು ಚುರುಕಾಗುತ್ತದೆ. ಹದಿನೇಳನೆಯ ದಿನ ಅವಳಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಬೆಳಗ್ಗೆ ಆರಕ್ಕೆ ಪತ್ರಿಕೆ ಹಿಡಿದು ಕಕ್ಕಸಿಗೆ ಹೋಗುವ ಮಾಸ್ಟರ್ ಹದಿನೈದು ನಿಮಿಷಕ್ಕೆ ಹೊರಬರಬೇಕು, ಪತ್ರಿಕೆಯ ಕೊನೆಯ ಪುಟ ಮೇಲಿರಬೇಕು. ಅವತ್ತು ಮುಕ್ಕಾಲು ಗಂಟೆಯಾದ ಮೇಲೆ ಬಂದರು, ಪತ್ರಿಕೆ ಮೊದಲ ಪುಟದಲ್ಲೇ ಇತ್ತು. ಮುಖ ಇಂಗು ತಿಂದ ಮಂಗನ ಹಾಗಿತ್ತು. ಮರುದಿನವೂ ಅದೇ ಕಥೆ. ಕೆಲವು ತಿಂಗಳಿಂದ ಆಗಾಗ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದರು, ಆಮೇಲೆ ತಾನೇ ಸರಿಹೋಗುತ್ತಿತ್ತು, ಅವಳ ಅಡುಗೆಯ ಮೇಲೆ ತಪ್ಪು ಹೊರಿಸಿ ಎದ್ದುಬಿಡುತ್ತಿದ್ದರು. ಈ ಸಲ ತಪ್ಪು ಹೊರಿಸಲೂ ಮಾತಿರಲಿಲ್ಲವಲ್ಲ. ನೋವನ್ನು ನುಂಗಿಕೊಂಡು ಓಡಾಡಿದರು.

ಪಕ್ಕದ ಅಂಗಡಿಯ ಬೀಗ ರಿಪೇರಿಯವನ ಹತ್ತಿರ ಮಾತ್ರ ಹೇಳಿಕೊಂಡಿರಬೇಕು. ಅವನು ಒಂದು ಸೀಸೆ ಹರಳೆಣ್ಣೆ ತಂದುಕೊಟ್ಟ.

"ಬೀಗ ಜಾಮ್ ಆದ್ರೆ ನಾವೇನ್ಮಾಡ್ತೀವಿ ಮಾಸ್ಟ್ರೇ? ಎಣ್ಣೆ ಬಿಡ್ತೀವಿ. ಅರ್ಧ ಗಂಟೇಲಿ ತಾನಾಗೇ ತೆಗ್ದುಕೊಳ್ಳತ್ತೆ" ಅನ್ನುವುದು ಪರದೆಯಾಚೆ ಅವಳ ಕಿವಿಗೂ ಬಿತ್ತು.

ಬೀಗ ತೆರೆಯಲಿಲ್ಲ. ಹತ್ತೊಂಬತ್ತನೆಯ ದಿನ ಬೆಳಗ್ಗೆ ಮಾಸ್ಟರ್ ಕುಡಿದ ಎಣ್ಣೆಯನ್ನೂ ಅದರ ಹಿಂದಿನ ದಿನ ಉಂಡದ್ದನ್ನೂ ಬಚ್ಚಲಲ್ಲಿ ವಾಂತಿ ಮಾಡಿ, ಬಾಯಿ ತೊಳೆದು, ಏನೂ ಆಗಿಲ್ಲ ಅನ್ನುವ ಹಾಗೆ ಬಂದು ಮೇಜಿನ ಮುಂದೆ ನಿಂತರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಆದರೆ ಅವರ ಪ್ಯಾಂಟಿನ ಹುಕ್ಕು ಕೂತಿರಲಿಲ್ಲ. ಅವಳು ತಾನೇ ಹೊಲಿದ ಪ್ಯಾಂಟು ಅದು. ಇಂಚುಪಟ್ಟಿ ತೆಗೆದುಕೊಂಡು ಹೋಗಿ, ಮಾತಿಲ್ಲದೆ ಅವರ ಸೊಂಟಕ್ಕೆ ಸುತ್ತಿ, ನೋಡಿ, ಚೀಟಿ ಬರೆದು ಅವರ ಅಂಗಿಯ ತೋಳಿಗೇ ಚುಚ್ಚಿದಳು. 'ಮೊನ್ನೆ 36. ಇವತ್ತು 39½. ಆಸ್ಪತ್ರೆ.'

ಅವರು ಅದರ ಕೆಳಗೆ ಬರೆದರು: 'ಗ್ಯಾಸ್.'

ಅವಳು ಬರೆದಳು: 'ಗ್ಯಾಸ್ ಆದ್ರೆ ಹೊರಗೆ ಬರಬೇಕಲ್ಲ?'

ಮಾಸ್ಟರ್ ಪೆನ್ಸಿಲ್ ಕೆಳಗಿಟ್ಟು ಕತ್ತರಿ ಎತ್ತಿಕೊಂಡರು. ಒಂದು ಶರಟಿನ ಬೆನ್ನು ಕತ್ತರಿಸತೊಡಗಿದವರು ನಡುವೆ ಒಮ್ಮೆ ಬಾಗಿದರು. ಹೊಟ್ಟೆಯೊಳಗಿನಿಂದ ಏನೋ ಹಿಂಡಿದಂತೆ ಮುಖ ಕಿವಿಚಿತು. ಕತ್ತರಿ ಗುರುತು ಬಿಟ್ಟು ವಾರೆಯಾಗಿ ಓಡಿ ಬಟ್ಟೆಯ ಅಂಚಿನವರೆಗೂ ಹೋಯಿತು. ಎರಡು ಎಡತೋಳು ಒಂದು ಮರೆವಿನ ತಪ್ಪು. ಆದರೆ ಈ ಕೈ ಗೆರೆ ತಪ್ಪಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ. ಓಡಿಹೋಗಿ ಬೀಗದವನನ್ನು ಕರೆದಳು.

"ಮಾಸ್ಟ್ರನ್ನ ಎತ್ಕೊಂಡು ನಿಮ್ಮ ವ್ಯಾನಿಗೆ ಹಾಕಿ. ಎಣ್ಣೆ ಸಾಕು."

"ಅಕ್ಕ, ಇನ್ನೊಂದು ಅರ್ಧ ಸೀಸೆ..."

"ಹಾಕಿ ಅಂದ್ನಲ್ಲ!"

ಆಸ್ಪತ್ರೆಯಲ್ಲಿ ಸರ್ಜನ್ ಒಬ್ಬ ಹೆಂಗಸು, ಮೂವತ್ತೈದು ದಾಟಿರಲಿಕ್ಕಿಲ್ಲ. ಹೊಟ್ಟೆ ಒತ್ತಿ ನೋಡಿದಳು, ಸ್ಟೆತಸ್ಕೋಪು ಇಟ್ಟು ಕೇಳಿದಳು.

"ಗಾಳಿ ಹೋಗ್ತಿದೆಯಾ?"

ಮಾಸ್ಟರ್ ಕಿಟಕಿಯ ಕಡೆ ನೋಡಿದರು. "ಗಾಳಿ ಚೆನ್ನಾಗೇ ಬರ್ತಿದೆ."

"ಕಿಟಕೀದಲ್ಲ. ನಿಮ್ಮದು."

ಹೆಂಗಸೊಬ್ಬಳು ಮುಖಕ್ಕೆ ಮುಖ ಕೊಟ್ಟು ಕೇಳಿದ ಈ ಪ್ರಶ್ನೆಗೆ ಮಾಸ್ಟರ್ ಕಿವಿ ಕೆಂಪಾಯಿತು. ಇಲ್ಲವೆಂದು ತಲೆಯಾಡಿಸಿದರು. ಎಷ್ಟು ದಿನದಿಂದ ಎಂದರೆ ಎರಡು ಬೆರಳು ತೋರಿಸಿದರು. ಮೂಗಿನಲ್ಲಿ ನಳಿಕೆ ಇಳಿಸಿ, ಕೈಗೆ ಡ್ರಿಪ್ ಹಾಕಿ, ಸ್ಕ್ಯಾನ್ ಮಾಡಿಸಿ, ಆಸ್ಪತ್ರೆಯ ಪಾಯಿಜಾಮ ತೊಡಿಸಿ ಮಲಗಿಸಿದರು. ಸ್ವಲ್ಪ ಹೊತ್ತಿಗೆ ಸರ್ಜನ್ ಬಂದು ಮಂಚದ ಪಕ್ಕ ನಿಂತಳು.

"ಕಾರಣ ಗೊತ್ತಾಯ್ತು. ಹೊಟ್ಟೇಲಿ ಕೊಬ್ಬು. ದೊಡ್ಡ ಕರುಳಿನೊಳಗೆ ಕೊಬ್ಬಿನ ಗಂಟು ಬೆಳೆದಿದೆ. ಕುಯ್ದು ತೆಗೀಬೇಕು."

ಮಾಸ್ಟರ್ ತಲೆ ನಿಧಾನವಾಗಿ ಹೆಂಡತಿಯ ಕಡೆ ತಿರುಗಿತು. ಮತ್ತೆ ಸರ್ಜನ್ ಕಡೆ ತಿರುಗಿತು.

"ಇವಳು ನಿಮ್ಮ ಹತ್ರ ಮೊದ್ಲೇ ಬಂದಿದ್ಲಾ?"

"ಯಾರು? ಇಲ್ವಲ್ಲ."

"ಮತ್ತೆ ಇವಳ ಮಾತು ನಿಮ್ಮ ಬಾಯಲ್ಲಿ ಹೇಗೆ ಬಂತು? ಹೊಟ್ಟೇಲಿ ಕೊಬ್ಬಂತೆ, ಡಾಕ್ಟ್ರು ಕುಯ್ಯಬೇಕಂತೆ! ಎಲ್ಲಾ ಸೇರ್ಕೊಂಡು ಆಡಿಸ್ತಾ ಇದೀರಾ ನನ್ನ? ನಾನು ಸಹಿ ಹಾಕಲ್ಲ."

ಸರ್ಜನ್‌ಗೆ ತಲೆಬುಡ ಅರ್ಥವಾಗಲಿಲ್ಲ. ಸ್ಕ್ಯಾನಿನ ಚಿತ್ರ ತೋರಿಸಲು ಹೋದಳು. ಮಾಸ್ಟರ್ ಕಣ್ಣು ಮುಚ್ಚಿಕೊಂಡರು. ನೋವು ಬಂದಾಗ ಹಲ್ಲು ಕಚ್ಚುತ್ತಿದ್ದರು, ನೋವು ಇಳಿದಾಗ "ಕೊಬ್ಬಂತೆ ಕೊಬ್ಬು" ಎಂದು ಗೊಣಗುತ್ತಿದ್ದರು. ಸರ್ಜನ್ ಹೆಂಡತಿಯನ್ನು ಹೊರಗೆ ಕರೆದಳು.

"ಏನಮ್ಮಾ ಇದು? ಯಾಕೆ ಹೀಗಾಡ್ತಿದಾರೆ?"

ಅವಳು ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದಳು, ತೋಳಿನಿಂದ ಹಿಡಿದು ಚೀಟಿಯವರೆಗೆ. ಸರ್ಜನ್ ನಗು ತಡೆಯಲು ಫೈಲನ್ನು ಮುಖಕ್ಕೆ ಹಿಡಿದಳು. ಆಮೇಲೆ ಫೈಲು ಇಳಿಸಿದಾಗ ಮುಖದಲ್ಲಿ ನಗು ಇರಲಿಲ್ಲ.

"ನೋಡಿಯಮ್ಮಾ, ಆ ಗಂಟನ್ನ ಊಟ ಅಂದ್ಕೊಂಡು ಕರುಳು ಮುಂದಕ್ಕೆ ತಳ್ತಿದೆ. ಗಂಟು ಗೋಡೆಗೆ ಅಂಟ್ಕೊಂಡಿರೋದ್ರಿಂದ ಗೋಡೇನೂ ಎಳ್ಕೊಂಡು ಹೋಗಿ, ಕರುಳಿನೊಳಗೇ ಕರುಳು ಸೇರ್ಕೊಂಡಿದೆ. ದಾರಿ ಬಂದ್ ಆಗಿದೆ. ಹೀಗೇ ಬಿಟ್ರೆ ಅಲ್ಲಿಗೆ ರಕ್ತ ನಿಂತು ಕರುಳು ಸತ್ತುಹೋಗತ್ತೆ, ಒಡೆದೂ ಹೋಗಬಹುದು. ನಾಳೆ ಅನ್ನೋ ಹಾಗಿಲ್ಲ. ಸಂಜೆ ಒಳಗೆ ಆಗ್ಬೇಕು."

"ಬರೀ ಕೊಬ್ಬು ತಾನೇ ಡಾಕ್ಟ್ರೇ? ಬೇರೆ ಏನೂ ಅಲ್ವಲ್ಲ?"

"ಸ್ಕ್ಯಾನಲ್ಲಿ ಹಾಗೆ ಕಾಣತ್ತೆ. ಆದ್ರೆ ತೆಗೆದು ಲ್ಯಾಬಿಗೆ ಕಳಿಸೋ ತನಕ ಕೆಟ್ಟದ್ದಲ್ಲ ಅಂತ ನಾನು ಮಾತು ಕೊಡಕ್ಕಾಗಲ್ಲ."

ಅವಳು ಗೋಡೆಗೆ ಒರಗಿದಳು. ಹತ್ತೊಂಬತ್ತು ದಿನ! ಅದರಲ್ಲಿ ಮೂರು ದಿನ ಆ ಮನುಷ್ಯ ನೋವು ತಿಂದಿದ್ದಾನೆ, ಒಂದು 'ಅಮ್ಮಾ' ಅಂದಿಲ್ಲ, ತಾನು ಒಂದು 'ಏನಾಯ್ತು' ಅಂದಿಲ್ಲ. ನ್ಯಾಯ ತನ್ನ ಕಡೆ ಇದೆ ಅಂತ ಬೀಗಿಕೊಂಡು ಕೂತಿದ್ದಳು. ಆ ನ್ಯಾಯವನ್ನು ಈಗ ಯಾವ ಒಲೆಗೆ ಹಾಕುವುದು? ಕಣ್ಣು ಒರೆಸಿಕೊಂಡು ಒಳಗೆ ಹೋದಳು.

"ರೀ."

ಮಾಸ್ಟರ್ ಕಣ್ಣು ತೆರೆದರು. ಆ ಒಂದಕ್ಷರಕ್ಕೆ ಅವರ ಗಲ್ಲ ನಡುಗಿದ್ದನ್ನು ಅವಳು ನೋಡಿಯೂ ನೋಡದವಳಂತೆ ಮಂಚದ ಅಂಚಿಗೆ ಕೂತಳು. ಅಂಗಿಯ ತೋಳೊಳಗೆ ತೋಳು ಹೋಗುವ ಉದಾಹರಣೆ ನಾಲಿಗೆಯ ತುದಿಗೆ ಬಂತು. ತೋಳಿನ ಸುದ್ದಿ ಈಗ ಬೇಡವೆಂದು ನುಂಗಿಕೊಂಡಳು. ಅವರ ಪಾಯಿಜಾಮದ ಲಾಡಿ ಹಿಡಿದಳು.

"ಲಾಡಿ ಎಳೆಯೋವಾಗ ಒಳಗಿನ ಗಂಟು ಬಟ್ಟೆಗೆ ಕಚ್ಕೊಂಡ್ರೆ ಏನಾಗತ್ತೆ?"

"ಬಟ್ಟೇನೂ ಒಳಗೆ ಹೋಗತ್ತೆ. ನೆರಿಗೆ ಮೇಲೆ ನೆರಿಗೆ." ಕಸುಬಿನ ಪ್ರಶ್ನೆಗೆ ಮಾಸ್ಟರ್ ಉತ್ತರಿಸದೆ ಇರಲಾರರು.

"ಇನ್ನೂ ಎಳೆದ್ರೆ?"

"ಬಿಗಿಯತ್ತೆ. ಬಲವಂತ ಮಾಡಿದ್ರೆ ಹರಿಯತ್ತೆ."

"ಮತ್ತೇನು ಮಾಡ್ಬೇಕು?"

"ಹೊಲಿಗೆ ಬಿಚ್ಚಿ, ಗಂಟು ಕತ್ತರಿಸಿ ತೆಗೆದು..." ಅನ್ನುತ್ತ ಅವರು ನಿಂತರು. ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು. "ಹೀಗಾ ಆಗಿರೋದು?"

"ಹೀಗೇ. ನನ್ನ ಮಾತಿಗೂ ಇದಕ್ಕೂ ಸಂಬಂಧ ಇಲ್ಲ. ನಾನು ಅಂದಿದ್ದು ಆ ಕೊಬ್ಬು, ಇದು ಈ ಕೊಬ್ಬು."

ಮಾಸ್ಟರ್ ಸರ್ಜನ್‌ಳನ್ನು ಕರೆಸಿದರು.

"ಕತ್ತರಿಸೋದು ಯಾರು, ಹೊಲಿಯೋದು ಯಾರು?"

"ಎರಡೂ ನಾನೇ."

"ಎರಡೂ ಒಬ್ರೇ?" ಮಾಸ್ಟರ್ ಮುಖದಲ್ಲಿ ಅಪನಂಬಿಕೆ ಕಾಣಿಸಿತು. "ಹೊಲಿಗೆ ಒಂದು ಸಾಲೋ, ಎರಡೋ?"

"ಎರಡು ಸಾಲು."

"ಹಾಗಾದ್ರೆ ಕೊಡಿ" ಅಂದವರು ಸಹಿ ಹಾಕಿದರು.

ಗಾಲಿಯ ಮಂಚದಲ್ಲಿ ತಳ್ಳಿಕೊಂಡು ಹೋಗುವಾಗ ಬಾಗಿಲ ಹತ್ತಿರ ಅವಳ ಕೈ ಹಿಡಿದರು. "ಏನೇ, ಆ ಎರಡೂ ಎಡತೋಳು ನಾನೇ ಕತ್ತರಿಸಿದ್ದು. ಮಡಿಸೋದು ಮರ್ತಿದ್ದೆ."

ಎಂಥ ಮಾತು! ಈ ಮಾತಿಗಾಗಿ ಹತ್ತೊಂಬತ್ತು ದಿನ ಕಾದಿದ್ದಳು. ಬಂದಾಗ ಅವಳ ಜೀವ ಬಾಯಿಗೆ ಬಂತು. ಹುಟ್ಟಿದಾರಭ್ಯ ತಪ್ಪು ಒಪ್ಪಿಕೊಳ್ಳದ ಮನುಷ್ಯ ಒಪ್ಪಿಕೊಂಡನೆಂದರೆ ಅವನಿಗೆ ಉಳಿಯುವ ಭರವಸೆ ಇಲ್ಲ ಅಂತಲೇ ಅರ್ಥ. ಬಾಗಿಲು ಮುಚ್ಚಿಕೊಂಡಿತು. ಅವಳು ಕೈತೊಳೆಯುವ ಬೇಸಿನ್ನಿನ ಕನ್ನಡಿಯ ಮುಂದೆ ನಿಂತು ನಾಲಿಗೆ ಚಾಚಿ ನೋಡಿಕೊಂಡಳು. ತನ್ನದು ಕರಿನಾಲಿಗೆಯೇ ಇರಬೇಕು, ಆಡಿದ್ದು ಅಕ್ಷರಶಃ ಆಗಿಹೋಯಿತಲ್ಲ! ನಾಲಿಗೆ ಎಲ್ಲರ ನಾಲಿಗೆಯ ಹಾಗೇ ಇತ್ತು. ಹಿಂದೆ ಕೈತೊಳೆಯಲು ಕಾದಿದ್ದ ಒಬ್ಬರು, "ಕಿವಿ ಮೂಗು ಗಂಟಲು ಎರಡನೇ ಮಹಡಿ ಅಮ್ಮಾ" ಅಂದರು.

ಮೂರು ಗಂಟೆ ಕಳೆದ ಮೇಲೆ ಸರ್ಜನ್ ಬಂದು ಎಲ್ಲ ಚೆನ್ನಾಗಿ ಆಯಿತು ಅಂದಳು. ಒಂದು ಡಬ್ಬಿ ತೋರಿಸಿದಳು. ಒಳಗೆ ತೆಗೆದ ಕರುಳಿನ ತುಂಡು, ಅದರಲ್ಲಿ ಹಳದಿ ಬಣ್ಣದ, ನುಣ್ಣಗಿನ, ದಪ್ಪ ನಿಂಬೆಹಣ್ಣಿನಷ್ಟು ದೊಡ್ಡ ಗಂಟು. ಇಷ್ಟೇನಾ ಅನ್ನಿಸಿತು ಅವಳಿಗೆ. ಅವಳ ಅಂದಾಜಿನಲ್ಲಿ ಮಾಸ್ಟರ್ ಕೊಬ್ಬು ಕನಿಷ್ಠ ಒಂದು ಕುಂಬಳಕಾಯಿಯಷ್ಟಾದರೂ ಇರಬೇಕಿತ್ತು. ಲ್ಯಾಬಿನ ವರದಿಗೆ ಆರು ದಿನ ಬೇಕು ಅಂದಳು ಸರ್ಜನ್.

ಎಚ್ಚರವಾದ ಮಾಸ್ಟರ್ ಬೇರೆಯೇ ಮನುಷ್ಯರಾಗಿದ್ದರು. ನರ್ಸ್ ಸೂಜಿ ಚುಚ್ಚಿದರೆ "ಥ್ಯಾಂಕ್ಸ್ ಅಮ್ಮಾ" ಅಂದರು. ನೆಲ ಒರೆಸುವವಳಿಗೂ ಕೈ ಮುಗಿದರು.

"ಫ್ಯಾನ್ ಹಾಕ್ಲಾ?" ಅಂತ ಹೆಂಡತಿ ಕೇಳಿದರೆ, "ನಿನ್ನಿಷ್ಟ."

"ಆರಿಸ್ಲಾ?"

"ನೀನು ಹೇಳಿದ್ದೇ ಸರಿ."

ಮೊದಲ ದಿನ ಅವಳಿಗೆ ಹಿತವಾಯಿತು. ಎರಡನೆಯ ದಿನ ಮುಜುಗರವಾಯಿತು. ಮೂರನೆಯ ದಿನ ಬೀಗದವನು ನೋಡಲು ಬಂದು, "ಎಣ್ಣೆ ಸ್ವಲ್ಪ ಕಮ್ಮಿ ಆಯ್ತು ಮಾಸ್ಟ್ರೇ, ಅದಕ್ಕೇ" ಅಂದಾಗ, ಮಾಸ್ಟರ್ "ಇರಬಹುದಪ್ಪಾ" ಅಂದರು. ಅಷ್ಟು ಕೇಳಿ ಅವಳಿಗೆ ಹೆದರಿಕೆಯೇ ಹತ್ತಿತು. ಸರ್ಜನ್‌ಳನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿದಳು.

"ಡಾಕ್ಟ್ರೇ, ನಿಜ ಹೇಳಿ. ಕೊಬ್ಬು ಪೂರ್ತಿ ತೆಗೆದುಬಿಟ್ರಾ?"

"ಗಂಟಿದ್ದ ಭಾಗ ಪೂರ್ತಿ ತೆಗೆದಿದೀವಿ. ಯಾಕೆ?"

"ಸ್ವಲ್ಪ ಬಿಡ್ಬೇಕಿತ್ತು" ಅಂದಳು. "ಆ ಮನುಷ್ಯ ಈಗ ಯಾವುದಕ್ಕೂ ಇಲ್ಲ ಅನ್ನಲ್ಲ. ನಾನು ಇಷ್ಟು ವರ್ಷ ಸಂಸಾರ ಮಾಡಿದ್ದು ಇವರ ಜೊತೆ ಅಲ್ಲ."

ಸರ್ಜನ್ ಅವಳ ಹೆಗಲ ಮೇಲೆ ಕೈಯಿಟ್ಟಳು. "ಮೊದ್ಲು ಕರುಳು ಏಳಲಿ ಅಮ್ಮಾ. ಗಾಳಿ ಹೋಗಲಿ. ಆಮೇಲೆ ನೋಡೋಣ."

ಈ ಗಾಳಿ ಎಂಬುದು ವಾರ್ಡಿನ ಸಾಮೂಹಿಕ ಚಿಂತೆಯಾಗಿಬಿಟ್ಟಿತ್ತು. ನರ್ಸ್ ದಿನಕ್ಕೆ ಮೂರು ಸಲ ಬಾಗಿಲಿನಿಂದಲೇ "ಮಾಸ್ಟ್ರೇ, ಗಾಳಿ ಹೋಯ್ತಾ?" ಎಂದು ಕೂಗುತ್ತಿದ್ದಳು. ಗಾಳಿ ಹೋಗದೆ ಬಾಯಿಗೆ ಏನೂ ಕೊಡುವ ಹಾಗಿಲ್ಲ. ಅಕ್ಕಪಕ್ಕದ ಮಂಚದವರೂ ವಿಚಾರಿಸತೊಡಗಿದ್ದರು. ನಾಲ್ಕನೆಯ ದಿನ ಬೆಳಗ್ಗೆ, ಸರ್ಜನ್ ಹೊಟ್ಟೆಯ ಪಟ್ಟಿ ಬಿಚ್ಚಲು ಬಾಗಿದ್ದಾಗ, ಹೊಸ ಬಟ್ಟೆಯ ಥಾನು ಹರಿದ ಹಾಗೆ ಉದ್ದನೆಯ ಒಂದು ಶಬ್ದವಾಯಿತು. ಎದುರು ಮಂಚದ ಮುದುಕರು ಎದ್ದು ಕೂತು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ಮಾಸ್ಟರ್ ನಾಚಿಕೊಳ್ಳಲಿಲ್ಲ. ಅವರು ಬಿಚ್ಚಿದ ಪಟ್ಟಿಯ ಕೆಳಗೆ ತಮ್ಮ ಹೊಟ್ಟೆಯ ಹೊಲಿಗೆಯನ್ನು ಮೊದಲ ಸಲ ನೋಡುತ್ತಿದ್ದರು. ಕತ್ತು ಆ ಕಡೆ ವಾಲಿಸಿದರು, ಈ ಕಡೆ ವಾಲಿಸಿದರು. ಹುಬ್ಬು ಗಂಟಿಕ್ಕಿತು.

"ಇದೇನಿದು?"

"ಏನಾಯ್ತು?" ಅಂದಳು ಸರ್ಜನ್.

"ಮೇಲಿಂದ ಏಳು ಹೊಲಿಗೆ ಸರಿ ಇವೆ. ಎಂಟನೇದು ವಾರೆ ಆಗಿದೆ. ಒಂಬತ್ತನೇದಕ್ಕೂ ಹತ್ತನೇದಕ್ಕೂ ಅಂತರ ನೋಡಿ. ಕಣ್ಣು ಎಲ್ಲಿಟ್ಕೊಂಡಿದ್ರಿ? ನಮ್ಮ ಅಂಗಡೀಲಿ ಹೀಗೆ ಹೊಲಿದಿದ್ರೆ ಬಿಚ್ಚಿಸಿ ಮತ್ತೆ ಹೊಲಿಸ್ತಿದ್ದೆ. ನಮ್ಮವಳು ಕಣ್ಣು ಮುಚ್ಕೊಂಡು ಹೊಲಿದ್ರೂ ಇದಕ್ಕಿಂತ ನೆಟ್ಟಗೆ ಬರತ್ತೆ!"

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಲ್ಲೇ ಸ್ಟೂಲಿನ ಮೇಲೆ ಕುಸಿದಳು. ಬಿಕ್ಕಿ ಬಿಕ್ಕಿ ಅತ್ತಳು. ಗಾಬರಿಯಾದ ನರ್ಸ್ ನೀರು ತಂದಳು. "ಏನೂ ಇಲ್ಲ, ಏನೂ ಇಲ್ಲ, ನಮ್ಮೆಜಮಾನ್ರು ವಾಪಸ್ ಬಂದ್ರು" ಅಂದಳು ಅವಳು.

ಆದರೂ ಒಂದು ಭಯ ಉಳಿದೇ ಇತ್ತು. ಗಂಟು ಕೆಟ್ಟದ್ದಾಗಿದ್ದರೆ? ಮಾಸ್ಟರ್ ಆಸ್ಪತ್ರೆಯ ಸೂಪಿಗೆ ರುಚಿಯಿಲ್ಲ ಅಂದರು, ತಲೆದಿಂಬಿನ ಚೀಲದ ಅಂಚು ಸೊಟ್ಟಗಿದೆ ಅಂದರು, ನರ್ಸ್‌ಗಳ ಕೋಟಿನ ಹೆಗಲು ಒಂದೂ ಅಳತೆಗಿಲ್ಲ ಅಂದರು. ಅವಳು ಎಲ್ಲಕ್ಕೂ ಎದುರು ಮಾತಾಡಿದಳು, ಜಗಳವಾಡಿದಳು, ಜಗಳದ ನಡುವೆ ಬಾಗಿಲ ಕಡೆ ನೋಡುತ್ತಿದ್ದಳು. ಯಾರು ಬಿಳಿ ಕೋಟು ಹಾಕಿಕೊಂಡು ಬಂದರೂ ಮೊದಲು ಅವರ ಕೈಯಲ್ಲಿ ಕಾಗದವಿದೆಯೇ ಎಂದು ನೋಡುತ್ತಿದ್ದಳು. ಮಾಸ್ಟರಿಗೂ ಗೊತ್ತಿತ್ತು. ಗೊತ್ತಿದ್ದೇ ಹೆಚ್ಚು ಹೆಚ್ಚು ತಪ್ಪು ಹುಡುಕುತ್ತಿದ್ದರು, ಅವಳ ಬಾಯಿ ಬಿಡುವಾಗಬಾರದೆಂದು.

ಆರನೆಯ ದಿನ ಮಧ್ಯಾಹ್ನ ಸರ್ಜನ್ ಕಾಗದ ಹಿಡಿದು ಬಂದಳು. ಮಾಸ್ಟರ್ ಗೋಡೆಯ ಕಡೆ ಹೊರಳಿದರು. ಹೆಂಡತಿ ಎದ್ದು ನಿಂತಳು, ಅವಳ ಒಂದು ಕೈ ಅವರ ಹೊದಿಕೆಯನ್ನು ಬಿಗಿಯಾಗಿ ಹಿಡಿದಿತ್ತು.

"ರಿಪೋರ್ಟ್ ಬಂತಮ್ಮಾ. ಬರೀ ಕೊಬ್ಬು, ಕೆಟ್ಟದ್ದಲ್ಲ."

ಅವಳು ಹೊದಿಕೆ ಬಿಟ್ಟಳು, ಮತ್ತೆ ಹಿಡಿದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಅವರ ಕೊಬ್ಬು ಕೆಟ್ಟದ್ದಲ್ಲ ಅಂತ ನಂಗೆ ಇಪ್ಪತ್ತಾರು ವರ್ಷದಿಂದ ಗೊತ್ತು ಡಾಕ್ಟ್ರೇ" ಅಂದಳು.

"ಇಪ್ಪತ್ತೇಳು" ಅಂದರು ಮಾಸ್ಟರ್, ಗೋಡೆಯ ಕಡೆ ಮುಖ ಮಾಡಿಕೊಂಡೇ. "ಅದೂ ಸರಿಯಾಗಿ ನೆನಪಿರಲ್ಲ ಇವಳಿಗೆ."